ರಾಕ್ಷಸನೇ ನಾಯಕನಾಗುವ ಚಿತ್ರಪುಸ್ತಕವನ್ನು ರಚಿಸುವ ಬಗೆ

ಮಕ್ಕಳ ಚಿತ್ರಪುಸ್ತಕಕ್ಕೆ ರಾಕ್ಷಸನನ್ನು ನಾಯಕನನ್ನಾಗಿ ಆರಿಸಿಕೊಂಡವರು ಅವನ ಕೋರೆಹಲ್ಲುಗಳನ್ನು ಮೊಂಡಾಗಿಸಿ, ಮೈಗೆ ತಿಳಿಬಣ್ಣ ಬಳಿದು, ಮೊದಲ ಪುಟದಲ್ಲಿಯೇ ಅವನನ್ನು ಮುದ್ದಿನ ಪ್ರಾಣಿಯನ್ನಾಗಿ ಮಾಡಿಬಿಡುವುದುಂಟು. ಅಂಥವನು ಒಳ್ಳೆಯವನೆಂದು ತಿಳಿದರೆ ಮಗುವಿಗೆ ಅಚ್ಚರಿಯಾಗುವುದಾದರೂ ಏತಕ್ಕೆ? ಘಟೋತ್ಕಚ ಪಾಂಡವರ ಪಕ್ಷದಲ್ಲಿ ಹೋರಾಡಿದರೂ ಕೊನೆಯವರೆಗೂ ರಾಕ್ಷಸನಾಗಿಯೇ ಉಳಿದವನು.

ಮೊದಲು ನಿಮ್ಮ ನಾಯಕನ ಒಂದೇ ಒಂದು ಭೀಕರ ಗುಣವನ್ನು ಆರಿಸಿ, ಅದಕ್ಕೆ ಮಗು ಊಹಿಸಬಲ್ಲ ಅಳತೆಯನ್ನು ಕೊಡಿ. ಬಕಾಸುರನ ಹಸಿವು ಇಂದಿಗೂ ನೆನಪಿನಲ್ಲಿರುವುದು ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಅವನ್ನು ಹೊಡೆದುಕೊಂಡು ಬಂದ ಮನುಷ್ಯ ಎಂಬ ಲೆಕ್ಕದಿಂದಲೇ. ಮಲೆನಾಡಿನ ಗವಿಯೊಂದರಲ್ಲಿರುವ ರಾಕ್ಷಸನು ಪಿಸುಗುಟ್ಟಿದರೂ ಕೆಳಗಿನ ಊರಿನಲ್ಲಿ ಹೆಂಚುಗಳು ಉದುರುತ್ತವೆ ಎಂದಿಟ್ಟುಕೊಳ್ಳೋಣ. ದಟ್ಟ ಮಂಜಿನಲ್ಲಿ ದನ ಕಾಯುವ ಮಕ್ಕಳು ದಾರಿ ತಪ್ಪಿದಾಗ, ಅವರು ಹಿಂಬಾಲಿಸಿ ಬರಬಹುದಾದದ್ದು ಅದೇ ಕಂಠವನ್ನು. ತೊಂದರೆಯೂ ಪರಿಹಾರವೂ ಒಂದೇ ಗುಣದಿಂದ ಹುಟ್ಟಿದರೆ ಕಥೆಗೆ ಬೇರೆ ಮಂತ್ರದಂಡ ಬೇಕಾಗುವುದಿಲ್ಲ. ಆದರೆ ಮಕ್ಕಳನ್ನು ಕಾಪಾಡಿದ ಮೇಲೂ ಅವನು ರಾಕ್ಷಸನೇ, ಅಂದು ಸಂಜೆಯೂ ಹೆಂಚುಗಳು ಉದುರಲೇಬೇಕು.

ಚಿತ್ರಪುಸ್ತಕಗಳಿಗೆ ಸಾಮಾನ್ಯವಾಗಿ 32 ಪುಟಗಳಿರುತ್ತವೆ. ಎ4 ಅಳತೆಯ 8 ಹಾಳೆಗಳನ್ನು ಒಟ್ಟಿಗೆ ಮಡಚಿ ನಡುವೆ ಹೊಲಿದರೆ ಅಷ್ಟೇ ಪುಟಗಳ ಕಚ್ಚಾ ಪ್ರತಿ ಸಿದ್ಧವಾಗುತ್ತದೆ. ಮೊದಲ 3 ಪುಟಗಳನ್ನು ಶೀರ್ಷಿಕೆ, ಪ್ರಕಾಶನದ ವಿವರ ಮತ್ತು ಅರ್ಪಣೆಗೆ ಬಿಟ್ಟರೆ, 4ರಿಂದ 31ರವರೆಗೆ ಎದುರುಬದುರಾದ 14 ಜೋಡಿಪುಟಗಳೂ ಕೊನೆಗೆ ಒಂದು ಒಂಟಿ ಪುಟವೂ ಉಳಿಯುತ್ತವೆ. ಮುಖ್ಯ ಪಾತ್ರದ ಮುಖವು ಪುಟಗಳ ನಡುವಿನ ಮಡಿಕೆಯಲ್ಲಿ ಸಿಕ್ಕಿಕೊಳ್ಳದಂತೆ ಈ ಹಂತದಲ್ಲಿಯೇ ನೋಡಿಕೊಳ್ಳಬೇಕು.

ಚಿತ್ರಪುಸ್ತಕದ ನಿಜವಾದ ಶಕ್ತಿಯಿರುವುದು ಪುಟ ತಿರುವುವ ಕ್ಷಣದಲ್ಲಿ. ಇದನ್ನು ಕಲಿಯಲು ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಪ್ರವೇಶವನ್ನು ನೋಡುವುದು ಒಳ್ಳೆಯದು. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಅದರ ಹಿಂದೆ ಕುಣಿಯುವ ರಾಕ್ಷಸನ ಕಿರೀಟದ ತುದಿ ಮೊದಲು ಕಾಣುತ್ತದೆ, ಆಮೇಲೆ ತೆರೆಯ ಅಂಚನ್ನು ಹಿಡಿದ ಬೆರಳುಗಳು, ಕ್ಷಣಮಾತ್ರ ಕಣ್ಣುಗಳು, ಮತ್ತೆ ಬರಿಯ ಬಟ್ಟೆ. ಪೂರ್ತಿ ವೇಷ ಎದುರಿಗೆ ಬರುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಪ್ಪ ಅಮ್ಮಂದಿರ ತೊಡೆಯೇರಿರುತ್ತಾರೆ, ಆದರೆ ಯಾರೂ ಕಣ್ಣು ಮುಚ್ಚಿರುವುದಿಲ್ಲ. ನಿಮ್ಮ ಪುಸ್ತಕದಲ್ಲಿಯೂ ಮೊದಲನೆಯ ಜೋಡಿಪುಟದಲ್ಲಿ ಉದುರಿದ ಹೆಂಚುಗಳು, ಎರಡನೆಯದರಲ್ಲಿ ಅಡಿಕೆ ತೋಟದ ಮೇಲೆ ಬಿದ್ದ ನೆರಳು, ಮೂರನೆಯದರಲ್ಲಿ ಗವಿಯ ಬಾಯಲ್ಲಿ ಒಂದು ಹೆಬ್ಬೆರಳು ಕಾಣಲಿ. ಇಡೀ ಮೈ ನಾಲ್ಕನೆಯದರವರೆಗೆ ಕಾಯಲಿ. ಅಕ್ಕಿಹಿಟ್ಟು, ಸುಣ್ಣಗಳಿಂದ ಬಣ್ಣದ ವೇಷದ ಮುಖದ ಮೇಲೆ ಇಡುವ ಚಿಟ್ಟಿಗಳೆಂಬ ಬಿಳಿಯ ಉಬ್ಬುಚುಕ್ಕೆಗಳನ್ನು ಹತ್ತಿರದಿಂದ ಗಮನಿಸಿದ ಚಿತ್ರಕಾರರಿಗೆ ರಾಕ್ಷಸನ ಚರ್ಮವನ್ನು ಬರೆಯುವ ದಾರಿಯೂ ಹೊಳೆದೀತು.

ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ. "ಅವನು ಕಪ್ಪಗೆ, ದಪ್ಪಗೆ ಇದ್ದನು" ಎಂಬ ಸಾಲನ್ನು ಹೊಡೆದು ಹಾಕಿ, "ಗುಂಡೂರಾಯರ ಮನೆಯ ಹೆಂಚು ದಡಬಡನೆ ಬಿತ್ತು" ಎಂಬುದನ್ನು ಉಳಿಸಿಕೊಳ್ಳಿ. ಅನುಕರಣ ಪದಗಳ ವಿಷಯದಲ್ಲಿ ಕನ್ನಡ ಶ್ರೀಮಂತವಾಗಿದೆ, ಜಿಪುಣತನ ಬೇಡ. ಅಕ್ಷರ ಜೋಡಿಸುವಾಗ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತ ಚಿಹ್ನೆಗಳಿಗೆ ತಗುಲಿ, ಆಗತಾನೇ ಓದಲು ಕಲಿತ ಮಗು ಅಲ್ಲೇ ಮುಗ್ಗರಿಸುತ್ತದೆ.

ಕಚ್ಚಾ ಪ್ರತಿಯನ್ನು ನಾಲ್ಕಾರು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಅವರ ಹೊಗಳಿಕೆಗಿಂತ, ಯಾವ ಪುಟದಲ್ಲಿ ಅವರ ಕೈ ತಾನಾಗಿ ಮುಂದಿನ ಹಾಳೆಯತ್ತ ಚಾಚಿತು, ಎಲ್ಲಿ ಕಿಟಕಿಯಾಚೆ ನೋಡತೊಡಗಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಕಿಟಕಿ ನೋಡಿದ ಪುಟವನ್ನು ತೆಗೆದು, ಹಾಗೆ ಬಿಡುವಾದ ಜಾಗವನ್ನು ಮಂಜಿನ ದೃಶ್ಯಕ್ಕೆ ಕೊಡಿ. 32ನೆಯ ಪುಟದಲ್ಲಿ ಮಾತೇ ಬೇಡ: ಊರವರು ಏಣಿಯ ಮೇಲೆ ನಿಂತು ಮಾಡಿಗೆ ಹೆಂಚು ಹೊದಿಸುತ್ತಿರಲಿ, ಕೆಳಗೆ ರಾಕ್ಷಸನು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ದೊಡ್ಡ ಕೈಯಿಂದ ಹೆಂಚು ಎತ್ತಿಕೊಡುತ್ತಿರಲಿ.