ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ ಸೈಕಲ್: ದಿನಕ್ಕೆ 20 ಮೈಲಿ ಸಾಕು

ಮಧ್ಯಾಹ್ನ 2 ಗಂಟೆ 40 ನಿಮಿಷ. ನಾನೂ ಭಾವನೂ ಬೆವರು ಒರೆಸಿಕೊಳ್ಳುತ್ತಾ ಒಂದು ಹಳ್ಳಿ ಪಬ್ಬಿಗೆ ನುಗ್ಗಿ ಊಟಕ್ಕೇನಿದೆ ಅಂತ ಕೇಳಿದೆವು. ಅಡುಗೆಮನೆ ಎರಡೂವರೆಗೇ ಮುಚ್ಚಿತ್ತು. ಮತ್ತೆ ತೆರೆಯುವುದು ಸಂಜೆ ಆರಕ್ಕೆ. ಎರಡು ಪೊಟ್ಟಣ ಚಿಪ್ಸು, ಎರಡು ಲೋಟ ನಲ್ಲಿ ನೀರು. ಅವತ್ತಿನ ಊಟ ಅಷ್ಟೇ.

ತಪ್ಪು ಪಬ್ಬಿನವರದ್ದಲ್ಲ, ನನ್ನದು. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ ತುಳಿದು ಬಂದವನು ಅನ್ನುವ ಜಂಬದಲ್ಲಿ ದಿನಕ್ಕೆ 50 ಮೈಲಿ ಅಂತ ಲೆಕ್ಕ ಹಾಕಿಟ್ಟಿದ್ದೆ. ಮೈಲಿಯೇನೋ ಮುಗಿಯಿತು. ಆದರೆ ಊರು ನೋಡಲಿಲ್ಲ, ಊಟ ಮಾಡಲಿಲ್ಲ, ಒಂದು ಗೋಡೆಯ ಮೇಲೂ ಕೂರಲಿಲ್ಲ. ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಹೋದೆವು. ದಿನಕ್ಕೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್. ಅದೇ ಸರಿಯಾದ ಅಳತೆ. ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವವರಿಗೆ, ಅಲ್ಲೇ ಓದುತ್ತಾ ಕೆಲಸ ಮಾಡುತ್ತಾ ಇರುವವರಿಗೆ ಒಂದು ವಾರಾಂತ್ಯ ಬಿಡುವಿದ್ದರೆ, ಇದನ್ನು ಹೀಗೆ ಮಾಡಬಹುದು.

ಎಲ್ಲಿ, ಯಾವಾಗ

ಮೊದಲ ಸಲಕ್ಕೆ ನಾನು ಹೇಳುವುದು ಕಾಟ್ಸ್‌ವೋಲ್ಡ್ಸ್ ಅನ್ನುವ ಗುಡ್ಡಸೀಮೆ. ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳು, ಕುರಿ ಮೇಯುವ ಗುಡ್ಡಗಳು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೈಲು ರೀಡಿಂಗ್, ಆಕ್ಸ್‌ಫರ್ಡ್ ದಾಟಿ ನೇರ ಹಳ್ಳಿಗಳ ನಡುವೆ ಇಳಿಸುತ್ತದೆ. ಕಾರು ಬೇಕಿಲ್ಲ. ಏರು ಬೇಡವೇ ಬೇಡ ಅನ್ನುವವರಿಗೆ ಪೂರ್ವದ ನಾರ್ಫಕ್, ಸಫಕ್ ವಾಸಿ, ಅಲ್ಲಿ ನೆಲ ಬಹುಪಾಲು ಚಪ್ಪಟೆ.

ಮೇಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ, ಅವಸರವೇ ಇರುವುದಿಲ್ಲ. ಆಗಸ್ಟ್ ಕೊನೆಗೆ ಬೇಲಿಯಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗುತ್ತದೆ, ಕಿತ್ತು ತಿನ್ನುತ್ತಾ ಹೋಗಬಹುದು. ಮಳೆ ಮಾತ್ರ ಯಾವ ತಿಂಗಳಲ್ಲಾದರೂ ಬರುತ್ತದೆ, ಜರ್ಕಿನ್ ಬ್ಯಾಗಿನಲ್ಲೇ ಇರಲಿ.

ನಕ್ಷೆ ಓದುವುದು

ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಬರೀ ಫೋನ್ ನಂಬಬೇಡಿ. ಕಣಿವೆಗೆ ಇಳಿದರೆ ಸಿಗ್ನಲ್ ಹೋಗುತ್ತದೆ. ಅದೂ ಅಲ್ಲದೆ, ಫೋನು ಹತ್ತಿರದ ದಾರಿ ತೋರಿಸುತ್ತದೆಯೇ ಹೊರತು ಚಂದದ ದಾರಿಯನ್ನಲ್ಲ. ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯವರ ಕಾಗದದ ನಕ್ಷೆ ಕೊಳ್ಳಿ. ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ ಸರಣಿ ಸೈಕಲ್ಲಿಗೆ ಸರಿಹೋಗುತ್ತದೆ, ಅದರ ಅಳತೆ 1:50,000, ಅಂದರೆ ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಇನ್ನೂ ವಿವರ ಬೇಕಿದ್ದರೆ ಕಾಟ್ಸ್‌ವೋಲ್ಡ್ಸ್‌ಗೆ ಎಕ್ಸ್‌ಪ್ಲೋರರ್ ಸರಣಿಯ ಓಎಲ್ 45 ನಕ್ಷೆ ಇದೆ.

ನಕ್ಷೆಯನ್ನು ಅಡುಗೆಮನೆ ಮೇಜಿನ ಮೇಲೆ ಹರಡಿ ಭಾವ ನನಗೆ ಹೇಳಿಕೊಟ್ಟಿದ್ದು ಒಂದೇ ಪಾಠ: "ಹಳದಿ ಗೆರೆ ಹಿಡಿದು ಹೋಗು, ಕೆಂಪು ಕಂಡರೆ ದಾಟಿಕೋ." ಕೆಂಪು ಅಂದರೆ ಎ ರಸ್ತೆ, ಅಲ್ಲಿನ ಮುಖ್ಯರಸ್ತೆ. ಲಾರಿ, ಬಸ್ಸು, ಕಾರು ಎಲ್ಲ ಅಲ್ಲೇ. ಹಳದಿ ಅಂದರೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ದಾರಿ. ಹಳದಿ ಗೆರೆ ಸಪೂರ ಇದ್ದಷ್ಟೂ ದಾರಿ ನಿಮ್ಮದು.

ಇನ್ನೊಂದು ಗುಟ್ಟಿದೆ. ರಸ್ತೆಯ ಮೇಲೆ ಅಲ್ಲಲ್ಲಿ ಪುಟ್ಟ ಬಾಣದ ತುದಿಯಂಥ ಗುರುತು ಇರುತ್ತದೆ. ಒಂದು ಬಾಣ ಅಂದರೆ ಪ್ರತಿ 7 ಅಡಿಗೆ 1 ಅಡಿಯೋ ಇನ್ನೂ ಜಾಸ್ತಿಯೋ ಏರು. ಎರಡು ಬಾಣ ಅಂದರೆ 5 ಅಡಿಗೆ 1 ಅಡಿಗಿಂತಲೂ ಕಡಿದು. ಬಾಣದ ಮೊನೆ ಇಳಿಜಾರಿನ ಕಡೆಗೆ ಇರುತ್ತದೆ. ಅಂದರೆ ಮೊನೆ ನಿಮ್ಮ ಕಡೆ ತಿರುಗಿದ್ದರೆ ನೀವು ಹತ್ತುವವರು! ಮೊದಲ ವರ್ಷ ಇದನ್ನು ನಾನು ತಿರುಗಾಮುರುಗಾ ಓದಿದ್ದೆ. ಭಾವ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಕಾಲುದಾರಿಯಲ್ಲಿ ಸೈಕಲ್ ಓಡಿಸುವ ಹಾಗಿಲ್ಲ. ದಾರಿಬದಿಯ ಕಂಬದ ಮೇಲೆ ಹಳದಿ ಬಾಣದ ಗುರುತಿದ್ದರೆ ಅದು ನಡೆಯುವವರಿಗೆ ಮಾತ್ರ. ನೀಲಿ ಬಾಣವಿದ್ದರೆ ಕುದುರೆದಾರಿ, ಅಲ್ಲಿ 1968ರ ಕಾಯ್ದೆಯಿಂದ ಸೈಕಲ್ಲಿಗೂ ಹಕ್ಕಿದೆ. ಆದರೆ ಮಳೆಯ ಮಾರನೇ ದಿನ ಅಲ್ಲಿಗೆ ಹೋದರೆ ಗದ್ದೆ ಉಳುಮೆ ಮಾಡಿದ ಹಾಗಾಗುತ್ತದೆ.

ಸೈಕಲ್ಲು, ರೈಲು, ಸಾಮಾನು

ಸೈಕಲ್ ಬಾಡಿಗೆಗೆ ಸಿಗುತ್ತದೆ. ಸಣ್ಣ ಗೇರ್ ಇದೆಯಾ ಅಂತ ಕೇಳಿ, ಬಣ್ಣ ಬ್ರ್ಯಾಂಡು ಆಮೇಲೆ. ಮಂಡಿನೋವು ಇದ್ದವರು ಬ್ಯಾಟರಿ ಸೈಕಲ್ ತಗೊಳ್ಳಿ, ನಾಚಿಕೆ ಏನಿಲ್ಲ. 14 ವರ್ಷ ತುಂಬಿದವರು ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಓಡಿಸಬಹುದು. ಗಂಟೆಗೆ 15.5 ಮೈಲಿ ದಾಟಿದರೆ ಮೋಟಾರು ತಾನೇ ನಿಲ್ಲುತ್ತದೆ, ಆಮೇಲೆ ಕಾಲಿನದ್ದೇ ಕೆಲಸ.

ರೈಲಿನಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ ಇಲ್ಲ. ಆದರೆ ಈ ಮಾರ್ಗದ ದೂರದ ರೈಲುಗಳಲ್ಲಿ ಜಾಗ ಕೆಲವೇ ಸೈಕಲ್ಲಿಗೆ, ಸೀಟಿನ ಜೊತೆ ಅದನ್ನೂ ಮೊದಲೇ ಕಾದಿರಿಸಿ. ಮಡಚುವ ಸೈಕಲ್ಲಿಗೆ ಆ ತಾಪತ್ರಯವಿಲ್ಲ. 60 ದಾಟಿದವರು ಸೀನಿಯರ್ ರೈಲ್‌ಕಾರ್ಡ್ ಮಾಡಿಸಿಕೊಂಡರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ.

ಸಾಮಾನನ್ನು ಬೆನ್ನಿಗೆ ಹಾಕಬೇಡಿ, ಹಿಂದಿನ ಕ್ಯಾರಿಯರ್‌ಗೆ ಜೋತುಹಾಕಿ. ಒಂದು ಟ್ಯೂಬು, ಪಂಪು, ಪ್ಯಾಚು, ಬೀಗ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು, ಅದು ಕಾನೂನು. ಹೆಲ್ಮೆಟ್ ಕಡ್ಡಾಯವಲ್ಲ, ನಾನಂತೂ ಹಾಕುತ್ತೇನೆ. ಸೆಪ್ಟೆಂಬರ್‌ನಿಂದ ಆಚೆಗೆ ಹೋಗುವವರು ಎರಡು ಟ್ಯೂಬ್ ಒಯ್ಯಿರಿ. ಹಕ್ಕಿಗಳು ಗೂಡು ಕಟ್ಟುವ ಕಾಲ ಅಂತ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರೈತರು ಬೇಲಿ ಕತ್ತರಿಸುವ ಹಾಗಿಲ್ಲ. ಆಮೇಲೆ ಶುರುಮಾಡುತ್ತಾರೆ. ಹಾಥಾರ್ನ್ ಗಿಡದ ಮುಳ್ಳು ದಾರಿ ತುಂಬಾ. ನಮ್ಮ ಜಾಲಿಮುಳ್ಳಿನ ತಮ್ಮ ಅನ್ನಿ.

ಒಂದು ದಿನದ ದಾರಿ

ಮೋರ್ಟನ್-ಇನ್-ಮಾರ್ಷ್ ನಿಲ್ದಾಣದಲ್ಲಿ ಇಳಿಯಿರಿ. ಊರಿನ ನಡುವೆಯೇ ಫಾಸ್ ವೇ ಅನ್ನುವ ರೋಮನ್ನರ ಕಾಲದ ನೇರ ರಸ್ತೆ ಹಾದುಹೋಗುತ್ತದೆ. ಕೇಳಲು ಚಂದ, ಆದರೆ ಈಗ ಅದು ಎ429. ಬಿಟ್ಟುಬಿಡಿ. ಪೂರ್ವಕ್ಕೆ ಹೊರಳಿ ಈವನ್‌ಲೋಡ್, ಬ್ರಾಡ್‌ವೆಲ್ ಹಳ್ಳಿಗಳ ಮೂಲಕ ಸ್ಟೋ-ಆನ್-ದ-ವೋಲ್ಡ್‌ಗೆ ಹತ್ತಿ. ಇದು 800 ಅಡಿ ಎತ್ತರದ ಊರು, ಕೊನೆಯ ಏರು ಉಸಿರು ತೆಗೆಸುತ್ತದೆ. ಇಳಿದು ತಳ್ಳಿ. ನಾನೂ ತಳ್ಳಿದೆ. ಮಾರುಕಟ್ಟೆ ಚೌಕದಲ್ಲಿ ಒಂದು ಕಾಫಿ ಕುಡಿದು ಲೋವರ್ ಸ್ವೆಲ್ ಕಡೆಗೆ ಇಳಿದರೆ, ಅಲ್ಲಿಂದ ಅಪ್ಪರ್ ಸ್ಲಾಟರ್‌ಗೆ ಸಣ್ಣ ದಾರಿ.

ಸ್ಲಾಟರ್ ಅಂದರೆ ಕಡಿಯುವುದು ಅಂದುಕೊಂಡು ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಹಳೆಯ ಇಂಗ್ಲಿಷಿನಲ್ಲಿ ಕೆಸರಿನ ಜಾಗಕ್ಕೆ ಇದ್ದ ಪದದಿಂದ ಈ ಹೆಸರು ಬಂತು ಅನ್ನುತ್ತಾರೆ. ಊರಿನ ಕಥೆಯೂ ಕಡಿದಾಟಕ್ಕೆ ಉಲ್ಟಾ. ಎರಡೂ ಮಹಾಯುದ್ಧಗಳಿಗೆ ಇಲ್ಲಿಂದ ಹೋದವರೆಲ್ಲ ಜೀವಂತ ವಾಪಸ್ ಬಂದರು. ಇಂಗ್ಲೆಂಡಿನ ಊರೂರಲ್ಲೂ ಮಡಿದವರ ಹೆಸರು ಕೆತ್ತಿದ ಕಲ್ಲು ಕಾಣುತ್ತದೆ, ಇಂಥ ಹಳ್ಳಿ ಬೆರಳೆಣಿಕೆಯಷ್ಟೇ.

ಇಲ್ಲಿ ಐ ಅನ್ನುವ ಪುಟ್ಟ ಹೊಳೆ ದಾರಿಗೆ ಅಡ್ಡ ಹರಿಯುತ್ತದೆ. ನೀರು ಪಾದ ಮುಳುಗುವಷ್ಟೇ. ಸೈಕಲ್ ಮೇಲೇ ದಾಟೋಣ ಅಂತ ಆಸೆಯಾಗುತ್ತದೆ. ಬೇಡ. ತಳದ ಕಲ್ಲಿಗೆ ಪಾಚಿ ಹಿಡಿದಿರುತ್ತದೆ. ಪಕ್ಕದ ಕಾಲುಸೇತುವೆಯಲ್ಲಿ ತಳ್ಳಿಕೊಂಡು ಹೋಗಿ. ಹೊಳೆಯ ಜೊತೆಗೇ ಮೈಲಿಯಷ್ಟು ಮುಂದೆ ಲೋವರ್ ಸ್ಲಾಟರ್, ಅಲ್ಲಿ ಇಟ್ಟಿಗೆ ಚಿಮಣಿಯ ಹಳೇ ನೀರುಗಿರಣಿ. ಅದರಾಚೆ ಬೋರ್ಟನ್-ಆನ್-ದ-ವಾಟರ್. ಬೇಸಿಗೆ ಭಾನುವಾರ ಅಲ್ಲಿ ಜಾತ್ರೆಯಂಥ ಜನ. 1937ರಿಂದ ಇರುವ ಪುಟಾಣಿ ಊರಿನ ಮಾದರಿ ನೋಡಬೇಕಿದ್ದರೆ ನಿಲ್ಲಿ. ನಾವಂತೂ ಐಸ್‌ಕ್ರೀಮ್ ಹಿಡಿದುಕೊಂಡು ವಿಕ್ ರಿಸ್ಸಿಂಗ್ಟನ್ ಕಡೆ ಓಡಿದೆವು. ಬಂದ ದಾರಿಯಲ್ಲೇ ವಾಪಸ್ ಬೇಡ. ಅಲ್ಲಿಂದ ಪೂರ್ವಕ್ಕೆ ಕಿಂಗಮ್ ನಿಲ್ದಾಣ ಸಿಗುತ್ತದೆ, ಅದೂ ಇದೇ ರೈಲುಮಾರ್ಗದಲ್ಲೇ ಇದೆ. ಎಲ್ಲ ಸೇರಿ 20 ಮೈಲಿ ಚಿಲ್ಲರೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಮೋರ್ಟನ್ ಪಕ್ಕದ ಸೀಜಿನ್‌ಕೋಟ್ ನೋಡಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿದ ಚಾರ್ಲ್ಸ್ ಕಾಕರೆಲ್ ಕಟ್ಟಿಸಿದ ಮನೆ, 1800ರ ದಶಕದ್ದು. ಹಸಿರು ಗುಡ್ಡದ ನಡುವೆ ಮೊಘಲ್ ಗುಮ್ಮಟ! ತೋಟದ ಸೇತುವೆಯ ಮೇಲೆ ಬಸವಣ್ಣಗಳು ಕೂತಿದ್ದಾವೆ. ಇಂಗ್ಲೆಂಡಿನ ತುಂತುರು ಮಳೆಯಲ್ಲಿ ಬಸವನನ್ನು ಕಂಡು ಕೈ ತಾನಾಗಿ ಎದೆಗೆ ಹೋಯಿತು. ಎಲ್ಲ ದಿನವೂ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ.

ದಾರಿಯ ರೀತಿ ರಿವಾಜು

ಎಡಗಡೆ ಓಡಿಸುವುದು ನಮ್ಮ ಹಾಗೆಯೇ. ಉಳಿದದ್ದು ಬೇರೆ. ಹಳ್ಳಿದಾರಿ ಇಷ್ಟು ಸಣ್ಣದು, ಕಾರು ನಿಧಾನ ಬರುತ್ತದೆ ಅಂದುಕೊಳ್ಳಬೇಡಿ. ಊರ ಹೊರಗೆ ಬೇರೆ ಫಲಕ ಇಲ್ಲದಿದ್ದರೆ ಅಲ್ಲೂ ಗಂಟೆಗೆ 60 ಮೈಲಿವರೆಗೆ ಅನುಮತಿ ಇದೆ. ಎರಡೂ ಕಡೆ ಆಳೆತ್ತರದ ಬೇಲಿ, ತಿರುವಿನಾಚೆ ಏನೂ ಕಾಣದು. ಅದಕ್ಕೇ ಇಯರ್‌ಫೋನ್ ಬೇಡ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬೇಲಿಗೆ ತೀರಾ ಅಂಟಿಕೊಂಡೂ ಹೋಗಬೇಡಿ, ತಿರುವಿನಲ್ಲಿ ಎದುರಿನವರಿಗೆ ನೀವು ಕಾಣಬೇಕು. ಹಿಂದೆ ಕಾರು ಬಂತೋ, ಮುಂದಿನ ಅಗಲದ ಜಾಗದಲ್ಲಿ ನಿಂತು ದಾರಿ ಬಿಡಿ. ಹೆಚ್ಚಿನವರು ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ನೀವೂ ಎತ್ತಿ.

ಎದುರಿಗೆ ಕುದುರೆ ಸವಾರರು ತುಂಬ ಸಿಗುತ್ತಾರೆ. ಹಿಂದಿನಿಂದ ಸದ್ದಿಲ್ಲದೆ ಹೋದರೆ ಕುದುರೆ ಬೆದರುತ್ತದೆ. ದೂರದಿಂದಲೇ "ಹಲೋ" ಅನ್ನಿ, ಬಲಗಡೆಯಿಂದ ಜಾಗ ಬಿಟ್ಟು ನಿಧಾನ ದಾಟಿ. ದನ ದಾಟದಿರಲಿ ಅಂತ ರಸ್ತೆಗೆ ಅಡ್ಡ ಹಾಸಿದ ಕಬ್ಬಿಣದ ಸರಳುಗಳು ಬಂದರೆ ಹ್ಯಾಂಡಲ್ ನೇರ ಹಿಡಿದು ಹೋಗಿ. ಒದ್ದೆಯಿದ್ದರೆ ಇಳಿದುಬಿಡಿ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ, ಮುಚ್ಚಿದ್ದರೆ ಮುಚ್ಚಿ.

ಹೊಟ್ಟೆಪಾಡು

ಪಬ್ಬಿಗೆ ಮಧ್ಯಾಹ್ನ ಒಂದು ಗಂಟೆಯೊಳಗೆ ತಲುಪಿ, ಎರಡು ಗಂಟೆಯಾದ ಮೇಲೆ ಊಟ ಸಿಗುತ್ತದೆ ಅಂತ ನಂಬಬೇಡಿ. ಸಾಮಾನ್ಯವಾಗಿ ಯಾರೂ ಮೇಜಿಗೆ ಬಂದು ಕೇಳುವುದಿಲ್ಲ, ನೀವೇ ಕೌಂಟರಿಗೆ ಹೋಗಿ ಹೇಳಬೇಕು. ಸಸ್ಯಾಹಾರಿಗಳಿಗೆ ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆಯ ಜಾಕೆಟ್ ಪೊಟೇಟೊ ಇರುತ್ತದೆ, ಮೇಲೆ ಬೀನ್ಸೋ ಚೀಸೋ. ಸಪ್ಪೆ. ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಭಾವ ಮೇಜಿನ ಕೆಳಗಿನಿಂದ ಕದ್ದು ಉದುರಿಸಿಕೊಳ್ಳುತ್ತಿದ್ದರು. ನಾಲ್ಕರೊಳಗೆ ಟೀ ಅಂಗಡಿ ಸಿಕ್ಕರೆ ಸ್ಕೋನ್ ಅನ್ನುವ ಬಿಸಿ ಬನ್ನಿಗೆ ಕೆನೆ, ಜಾಮು ಹಚ್ಚಿಕೊಂಡು ತಿನ್ನಿ. ಕೆನೆ ಅಂದರೆ ನಮ್ಮಮ್ಮ ಹಾಲಿನ ಮೇಲಿಂದ ತೆಗೆದಿಡುತ್ತಿದ್ದಂಥ ಗಟ್ಟಿ ಕೆನೆ.

ಮಳೆ ಬಂದರೆ ಹಳ್ಳಿ ಚರ್ಚು ಹುಡುಕಿ. ಬಾಗಿಲ ಮುಂದಿನ ಮಂಟಪದಲ್ಲಿ ಎರಡೂ ಕಡೆ ಕಲ್ಲಿನ ಜಗುಲಿ ಇರುತ್ತದೆ, ಅಲ್ಲಿ ಕೂತ ನಮ್ಮನ್ನಂತೂ ಯಾರೂ ಏಳಿಸಲಿಲ್ಲ. ರಾತ್ರಿ ಉಳಿಯುವವರು ಕೋಣೆ ಮೊದಲೇ ಹಿಡಿದಿಡಿ, ಸೈಕಲ್ ಒಳಗೆ ಇಡಲು ಜಾಗವಿದೆಯಾ ಅಂತಲೂ ಕೇಳಿ.

ಕಿಂಗಮ್‌ಗೆ ಮಾತ್ರ ರೈಲಿಗೆ ಅರ್ಧ ಗಂಟೆ ಮೊದಲೇ ಬನ್ನಿ. ಸೈಕಲ್ ಇಡುವ ಬೋಗಿ ಯಾವ ತುದಿಗೆ ಬರುತ್ತದೆ ಅಂತ ಮೊದಲೇ ಕೇಳಿಕೊಂಡು ಅಲ್ಲೇ ನಿಲ್ಲಿ. ನಾವು ಆ ತುದಿಯಲ್ಲಿ ನಿಂತಿದ್ದೆವು, ರೈಲು ಇನ್ನೂ ಕಾಣಿಸುತ್ತಿರಲಿಲ್ಲ. "ಭಾವ, ಅವಲಕ್ಕಿ ಉಳಿದಿದೆಯಾ?" ಅಂತ ಕೇಳಿದೆ. ಅವರು ಡಬ್ಬಿ ಅಲ್ಲಾಡಿಸಿ ನೋಡಿ, ಪೂರ್ತಿ ನನ್ನ ಕೈಗೆ ಸುರಿದರು.