ಅಜ್ಜಿಯ ಹತ್ತಿರ ಸೊಪ್ಪಿದೆ

ಫ್ರಾನ್ಸಿನ ಬೆಲ್‌ಫೋರ್ ಊರಿನ ಆಂಜ್ ಅನ್ನೋ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಹಾಡು ಕೇಳಲು ಹೋಗಿ ನಾನು ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಪ್ರೋಗ್ರೆಸಿವ್ ರಾಕ್ ಅಂದರೆ ಉದ್ದುದ್ದ ಕೀಬೋರ್ಡು, ಗಿಟಾರು ಅಂದುಕೊಂಡಿದ್ದವನು ನಾನು. ಇಲ್ಲಿ ಗಾಯಕ ಕ್ರಿಸ್ತಿಯಾಂ ದೆಕಾಂ ಬಾಯಿ ಮುಚ್ಚುವುದೇ ಇಲ್ಲ. ಕಿರುಚುತ್ತಾನೆ, ಪಿಸುಗುಟ್ಟುತ್ತಾನೆ, ಮುದುಕನ ಹಾಗೆ ಗೊಣಗುತ್ತಾನೆ. ನನಗೋ ಫ್ರೆಂಚ್ ಬರುತ್ತಿರಲಿಲ್ಲ.

ಮೂರನೇ ಸಲ ಸುಮ್ನೆ ಒಂದೇ ಹಾಡು ಹಿಡಿದೆ. 1973ರ 'ಲ ಸಿಮಿತಿಯೇರ್ ದೆಜ್ ಆರ್ಲೆಕ್ಯಾಂ' ಆಲ್ಬಮ್ಮಿನ ಮೊದಲನೆಯದು. ಮೂಲ ಹಾಡು ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್ ಅವರದು. ಸಾಹಿತ್ಯ ಪ್ರಿಂಟ್ ಹಾಕಿಸಿ, ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಕನ್ನಡ ಬರೆಯುತ್ತಾ ಹೋದೆ. ಒಬ್ಬ ಯಾರಿಗೋ ಒಂದು ಮನೆಯವರ ಕಥೆ ಹೇಳುತ್ತಿದ್ದಾನೆ. ಕುಡುಕ ದೊಡ್ಡಣ್ಣ, ತಣ್ಣಗಿನ ಸೂಪನ್ನು ಸೊರ್ ಸೊರ್ ಅಂತ ಹೀರುವ ಜನ, ಮೂಲೆಯಲ್ಲಿ ಅಜ್ಜಿ. ಅಜ್ಜಿ ಯಾವಾಗ ಸಾಯುತ್ತಾಳೋ ಅಂತ ಮನೆಯವರೆಲ್ಲ ಕಾಯುತ್ತಿದ್ದಾರೆ, ಯಾಕೆಂದರೆ ಅವಳ ಹತ್ತಿರ 'ಓಜೇಯ್' ಇದೆಯಂತೆ. ನಿಘಂಟು ನೋಡಿದೆ: ಒಂದು ಬಗೆಯ ಹುಳಿ ಸೊಪ್ಪು. 'ಅಜ್ಜಿಯ ಹತ್ತಿರ ಸೊಪ್ಪಿದೆ' ಅಂತ ಬರೆದುಕೊಂಡೆ. ಸೊಪ್ಪಿಗಾಗಿ ಅವಳ ಸಾವು ಕಾಯುತ್ತಾರಾ? ವಾರವಾದ ಮೇಲೆ ತಿಳಿಯಿತು, ಆಡುಮಾತಿನಲ್ಲಿ ಅದಕ್ಕೆ ದುಡ್ಡು ಅಂತ ಅರ್ಥ. ಮತ್ತೆ ಹಾಡು ಹಾಕಿದೆ. ಆ ಸಾಲಿಗೆ ಬಂದಾಗ ಗಾಯಕನ ಮುಖವೇ ಕಂಡಂತಾಯಿತು.

ಆಮೇಲೆ ಇದೇ ಅಭ್ಯಾಸವಾಯಿತು. ವಾರಕ್ಕೆ ಒಂದು ಹಾಡು, ಅಂಚಿನಲ್ಲಿ ಯಾರ ಮಾತು ಅಂತ ಗುರುತು. ಆಂಜ್‌ನ 1974ರ ಆಲ್ಬಮ್ 'ಓ-ದೆಲಾ ದ್ಯು ದೆಲೀರ್' ಹೀಗೇ ದಾಟಿತು. ಅದರಲ್ಲಿ ಗೊದವ್ಯಾಂ ಅನ್ನೋ ಹಳ್ಳಿಗನ ಕಥೆಯಿದೆ. ಓರ್ಲಿಯಾಂ ಊರಿನ ಮೋನಾ ಲೀಸಾ ಬ್ಯಾಂಡಿನ ಒಂದು ಆಲ್ಬಮ್ಮಿಗೆ ಮಾತ್ರ ಸ್ವಲ್ಪ ಪರದಾಡಿದೆ. ಸಾಹಿತ್ಯದ ಹಾಳೆ ಇದೆ ಅಂತ ಹೇಳಿ ಹಳೇ ಎಲ್‌ಪಿ (ಗ್ರಾಮಫೋನ್ ತಟ್ಟೆ) ಮಾರಿದವರು ಹಾಳೆಯನ್ನೇ ಕಳಿಸಿರಲಿಲ್ಲ. ಕವರಿನೊಳಗಿನ ತಟ್ಟೆಯೂ ಗೀಚಿಹೋಗಿತ್ತು. ಅವರ ಗಾಯಕ ದೊಮಿನಿಕ್ ಲ ಗೆನೆಕ್ ಆಂಜ್‌ನ ದೆಕಾಂಗಿಂತ ಜಾಸ್ತಿ ನಾಟಕ ಮಾಡುತ್ತಾನೆ. ಕೆಲವು ಕಡೆ ಅತಿಯಾಯಿತು ಅಂತಲೂ ಅನ್ನಿಸಿತು, ಆದರೆ ಹಾಡು ಬದಲಿಸಲು ಮನಸ್ಸು ಬರಲಿಲ್ಲ.

ಸೋತದ್ದು ಆಂಜ್‌ನದೇ 1975ರ ಆಲ್ಬಮ್ 'ಎಮಿಲ್ ಜಾಕೊತೆ'ಯಲ್ಲಿ. ಆ ಹೆಸರಿನ ನಿಜವಾದ ಕಮ್ಮಾರನೊಬ್ಬ ಹೇಳಿದ ಹಳ್ಳಿಯ ಕಥೆಗಳ ಮೇಲೆ ಅದರ ಮೊದಲ ಭಾಗ ನಿಂತಿದೆ. ಹಾಡುಗಳ ನಡುವೆ ಅಜ್ಜನ ಸ್ವಂತ ದನಿಯೂ ಬರುತ್ತದೆ. ಹಲ್ಲಿಲ್ಲದ ಬಾಯಿಯ ಮಾತಿನ ಹಾಗೆ ಕೇಳುತ್ತದೆ ನನಗೆ. ಹತ್ತಾರು ಸಲ ಹಿಂದಕ್ಕೆ ಓಡಿಸಿದ್ದೇನೆ. ನನ್ನ ಹಾಳೆಯಲ್ಲಿ ಆ ಜಾಗ ಇನ್ನೂ ಖಾಲಿ.