ಲಂಡನ್ನಿನಲ್ಲಿ ಅರ್ಜಿ ತೆಗೆದುಕೊಳ್ಳುವುದು ನಿಂತ ಮೇಲೆ ನಾವು ಮಾಡಿದ್ದು

ನಾನು ಅಮೆರಿಕದ ಪ್ರಜೆ, ಹೆಂಡತಿ ಮೈಸೂರಿನವಳು, ಆಗ ಇಬ್ಬರೂ ಲಂಡನ್ನಿನಲ್ಲಿದ್ದೆವು. ಹೆಂಡತಿಯನ್ನು ಅಮೆರಿಕಕ್ಕೆ ಖಾಯಂ ಆಗಿ ಕರೆದುಕೊಂಡು ಹೋಗಲು ಮೊದಲು ಹಾಕಬೇಕಾದ ಐ-130 ಅರ್ಜಿಯನ್ನು ಅಲ್ಲೇ ಕೊಟ್ಟರೆ ಕೆಲವು ತಿಂಗಳಲ್ಲಿ ಕೆಲಸ ಆಗುತ್ತೆ ಅಂತ ನಂಬಿದ್ದೆ. ಆದರೆ 2020ರ ಫೆಬ್ರವರಿ 1ರಿಂದ ಹೊರದೇಶದ ಅಮೆರಿಕ ವಲಸೆ ಕಚೇರಿಗಳು ಈ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ತೀರಾ ವಿಶೇಷ ಸಂದರ್ಭವಿದ್ದರೆ ಮಾತ್ರ ರಾಯಭಾರ ಕಚೇರಿ ತೆಗೆದುಕೊಳ್ಳಬಹುದು. ನಮ್ಮದು ಅಂಥದ್ದಲ್ಲ. ಆದರೂ ಏನಾದರೂ ದಾರಿ ಸಿಗಬಹುದು ಅಂತ ಸುಮ್ನೆ ಎರಡು ತಿಂಗಳು ಕಾದೆ. ನೀವು ಹಾಗೆ ಕಾಯಬೇಡಿ.

ಕೊನೆಗೆ ಆನ್‌ಲೈನ್‌ನಲ್ಲಿ ಹಾಕಿದೆ, ರಸೀದಿ ನಂಬರ್ ಬಂತು. ಮಂಜೂರಾಗಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ನಿಜವಾದ ಕಷ್ಟ ಆಮೇಲೆ, ಐ-864 ಹಂತದಲ್ಲಿ. ಸಂಗಾತಿಯನ್ನು ಸಾಕುವಷ್ಟು ಆದಾಯ ಇದೆ, ಆ ಹೊಣೆ ನನ್ನದು ಅಂತ ಬರೆದುಕೊಡುವ ಫಾರಂ ಇದು. ಅರ್ಜಿ ಹಾಕಿದ, ಹೊರದೇಶದಲ್ಲಿರುವ ಗಂಡ ಅಥವಾ ಹೆಂಡತಿ ತನ್ನ ಖಾಯಂ ನೆಲೆ ಅಮೆರಿಕದಲ್ಲೇ ಇದೆ, ಅಥವಾ ಸಂಗಾತಿ ಹೋಗುವ ಹೊತ್ತಿಗೆ ತಾನೂ ಅಲ್ಲಿ ನೆಲೆಸುತ್ತೇನೆ ಅಂತ ತೋರಿಸಬೇಕು. ನಾನು ಬರೀ ಒಂದು ಪತ್ರ ಬರೆದು ಕೊಟ್ಟಿದ್ದೆ, ಸಾಲಲಿಲ್ಲ. ಆಮೇಲೆ ಅಲ್ಲಿನ ಬ್ಯಾಂಕ್ ಖಾತೆ, ಮತದಾರರ ನೋಂದಣಿ, ಕೆಲಸಕ್ಕೆ ಅರ್ಜಿ ಹಾಕಿದ ಇಮೇಲ್‌ಗಳು, ಅಣ್ಣನ ಮನೆಯಲ್ಲಿ ಇರುತ್ತೇವೆ ಅನ್ನುವ ಅವನ ಪತ್ರ, ಎಲ್ಲ ಸೇರಿಸಿದೆ. ಲಂಡನ್ ಸಂಬಳ ಅಲ್ಲಿಗೆ ಹೋದ ಮೇಲೆ ಮುಂದುವರಿಯುವುದಿಲ್ಲ, ಅಲ್ವಾ? ಹಾಗಾಗಿ ಅದು ಲೆಕ್ಕಕ್ಕಿಲ್ಲ. ಅಣ್ಣ ಜಂಟಿ ಪ್ರಾಯೋಜಕನಾದ, ಅಂದರೆ ತನ್ನ ಆದಾಯ ತೋರಿಸಿ ನನ್ನ ಜೊತೆ ಆ ಹೊಣೆ ಹೊತ್ತ. ಆದರೆ ಅವನು ಸಹಿ ಹಾಕಿದರೂ ನಿಮ್ಮ ನೆಲೆಯ ಪುರಾವೆ ನೀವೇ ಕೊಡಬೇಕು, ಇದನ್ನು ಮರೆಯಬೇಡಿ.

ಬ್ರಿಟನ್, ಭಾರತ ಎರಡೂ ಕಡೆಯ ಪೊಲೀಸ್ ಸರ್ಟಿಫಿಕೇಟನ್ನು ಕಾಯುವ ಹೊತ್ತಿನಲ್ಲೇ ಮಾಡಿಸಿಟ್ಟಿದ್ದು ಒಳ್ಳೆಯದಾಯಿತು. ಈ ಸಲ ಕಾಗದ ವಾಪಸ್ ಬರಲಿಲ್ಲ, ಸಂದರ್ಶನದ ದಿನಾಂಕ ಬಂತು. ಆ ಇಮೇಲ್ ನೋಡಿ ಇಬ್ಬರೂ ಅತ್ತುಬಿಟ್ಟೆವು.